ಓದುಗರು ಕೇಳ್ತಾರೆ: ಹೈ ಹಾರ್ನ್, ಡಯಾಫ್ರಮ್, ಮತ್ತೆ ಆ ಕಿವಿ ಚುಚ್ಚೋ ಸದ್ದು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೈ ಹಾರ್ನ್ ಬಗ್ಗೆನೇ ಇದಾವೆ, ಅಂದ್ರೆ ಸ್ಪೀಕರ್ ಬಾಕ್ಸ್‌ನಲ್ಲಿ ಮೇಲಿನ ಫ್ರೀಕ್ವೆನ್ಸಿ ಕೊಡೋ ಕಹಳೆ ಆಕಾರದ ಭಾಗ, ಮತ್ತೆ ಅದರ ಹಿಂದೆ ಕೂತು ಸದ್ದು ಹುಟ್ಟಿಸೋ ಡ್ರೈವರ್. ಸೀಸನ್ ಮುಗೀತು, ಬಾಕ್ಸ್ ಬಿಚ್ಚಿ ನೋಡೋ ಟೈಮ್ ಅಲ್ವಾ. ಅದಕ್ಕೆ ಆ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ತಗೊಂಡಿದೀನಿ, ಒಂದಕ್ಕೊಂದು ಸಂಬಂಧ ಇದೆ, ಆದ್ರಿಂದ ದಯವಿಟ್ಟು ನಿಮ್ಮ ಪ್ರಶ್ನೆ ಒಂದನ್ನೇ ಓದಿ ಬಿಟ್ಬಿಡಬೇಡಿ.

ಪ್ರಶ್ನೆ: ನಮ್ದು ಶಿವಮೊಗ್ಗ ಜಿಲ್ಲೆಯಲ್ಲಿ ಚಿಕ್ಕ ಸೌಂಡ್ ಸರ್ವೀಸ್. ಎರಡು ಟಾಪ್ ಬಾಕ್ಸ್‌ದು ಹೈ ಡ್ರೈವರ್ ಹೋಗಿತ್ತು. ಕಂಪನಿ ಡಯಾಫ್ರಮ್ ರೇಟ್ ಕೇಳಿ ಹೆದರಿ ಹೊರಗಡೆ ಸಿಗೋ ಟೈಟಾನಿಯಂ ಡಯಾಫ್ರಮ್ ಹಾಕಿಸಿದ್ವಿ. ಸೌಂಡ್ ಬರುತ್ತೆ, ಆದ್ರೆ ಹಾಡೋವಾಗ ಸ, ಶ ಬಂದ್ರೆ ಚರ್ ಅನ್ನುತ್ತೆ, ಅದೂ ಒಂದು ಬಾಕ್ಸ್‌ನಲ್ಲಿ ಜಾಸ್ತಿ ಇನ್ನೊಂದರಲ್ಲಿ ಕಮ್ಮಿ. ಹಳೇದೂ ಟೈಟಾನಿಯಂ, ಇದೂ ಟೈಟಾನಿಯಂ. ಯಾಕೆ ಹೀಗೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇದೆ. ಎರಡೂ ಟೈಟಾನಿಯಂ ಅಂತೀರಿ, ಆದ್ರೆ ಎರಡು ಹೊಸ ಡಯಾಫ್ರಮ್‌ಗಳೇ ಒಂದರಂತೆ ಒಂದು ಕೇಳಿಸ್ತಿಲ್ಲ. ಅಂದ್ರೆ ತಪ್ಪು ಮೆಟಲ್‌ದಲ್ಲ, ಮಾಡಿರೋ ರೀತಿದು ಅಥವಾ ಕೂರಿಸಿರೋ ರೀತಿದು.

ಮೊದಲು ಒಳಗೆ ಏನಿದೆ ಅಂತ ನೋಡಿ. ಡ್ರೈವರ್ ಹಿಂದಿನ ಮುಚ್ಚಳ ತೆಗೆದ್ರೆ ಒಂದು ತೆಳು ಗುಮ್ಮಟ ಕಾಣುತ್ತೆ, ಅದೇ ಡಯಾಫ್ರಮ್. ಅದರ ಅಂಚಿಗೆ ಕಾಯಿಲ್ ಅಂಟಿಸಿರ್ತಾರೆ. ಕಾಯಿಲ್ ಹೊರಗಡೆ ಸುತ್ತ ಇರೋ ಮಡಿಕೆ ಪಟ್ಟಿಗೆ ಸರೌಂಡ್ ಅಂತಾರೆ, ಗುಮ್ಮಟ ಹಿಂದೆ ಮುಂದೆ ಆಡೋದು ಅದರ ಬಲದಲ್ಲಿ. ಗುಮ್ಮಟದ ಎದುರಿಗೇ ಸೀಳುಸೀಳಾಗಿರೋ ಒಂದು ತುಂಡು ಇರುತ್ತೆ, ಅದು ಫೇಸ್ ಪ್ಲಗ್. ಗುಮ್ಮಟಕ್ಕೂ ಪ್ಲಗ್‌ಗೂ ನಡುವೆ ಇರೋ ಜಾಗ ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗೂ ಕಮ್ಮಿ. ಗುಮ್ಮಟದ ದಪ್ಪ ಅಂದ್ರೆ ಕೆಲವೇ ಹತ್ತು ಮೈಕ್ರಾನ್, ಬೆರಳಲ್ಲಿ ಒತ್ತಿದ್ರೆ ಗುಳಿ ಬಿದ್ದೇ ಹೋಗುತ್ತೆ. ಇಷ್ಟು ಸಣ್ಣ ಲೆಕ್ಕದಲ್ಲಿ ಕೆಲಸ ಮಾಡೋ ವಸ್ತು ಅದು, ಹಾಗಾಗಿ ಗುಮ್ಮಟದ ಎತ್ತರದಲ್ಲಿ ಕೂದಲಷ್ಟು ವ್ಯತ್ಯಾಸ ಆದ್ರೂ ಆ ಜಾಗ ಬದಲಾಗುತ್ತೆ, ಜಾಗ ಬದಲಾದ್ರೆ ಮೇಲಿನ ಫ್ರೀಕ್ವೆನ್ಸಿ ಎಲ್ಲಿ ಎದ್ದು ಎಲ್ಲಿ ಬೀಳಬೇಕು ಅನ್ನೋದೇ ಬದಲಾಗುತ್ತೆ. ನಕಲು ಮಾಡೋರು ಆಕಾರ ನೋಡಿ ಅಚ್ಚು ಮಾಡ್ತಾರೆ, ಕಾಯಿಲ್ ತೂಕ, ಅಂಟಿನ ತೂಕ, ಸರೌಂಡ್ ಬಿಗಿ ಇದೆಲ್ಲ ಒಂದರಿಂದ ಒಂದಕ್ಕೆ ಹೊಂದೋದೇ ಇಲ್ಲ.

ಹೋದ ವರ್ಷ ನನ್ನ ಟೇಬಲ್ ಮೇಲೆ ಇಂಥದ್ದೇ ಒಂದು ಜೋಡಿ ಬಂದಿತ್ತು. ಒಂದರ ಕಾಯಿಲ್ ತುದಿನ ಲೆನ್ಸ್ ಕೆಳಗೆ ಹಿಡಿದು ನೋಡಿದೆ, ಒಂದು ಕಡೆ ಮಾತ್ರ ವಾರ್ನಿಷ್ ಉಜ್ಜಿ ಹೋಗಿ ಕಾಲು ಇಂಚು ಉದ್ದ ಪಳಪಳ ಹೊಳೀತಿತ್ತು. ಕಾಯಿಲ್ ಗ್ಯಾಪ್‌ನಲ್ಲಿ, ಅಂದ್ರೆ ಮ್ಯಾಗ್ನೆಟ್ ಒಳಗೆ ಅದು ಆಡೋ ಕಿರಿದಾದ ಸಂದಿಯಲ್ಲಿ, ಸೆಂಟರ್ ಆಗದೆ ಕಬ್ಬಿಣಕ್ಕೆ ಸವರ್ತಾ ಇತ್ತು, ಅಷ್ಟೇ. ಇನ್ನೊಂದರ ಗ್ಯಾಪ್‌ನಲ್ಲಿ ಎರಡು ಮೂರು ಕಬ್ಬಿಣದ ಚೂರು ಸಿಕ್ಕಿಹಾಕ್ಕೊಂಡಿತ್ತು, ಸ್ಕ್ರೂ ಬಿಚ್ಚೋವಾಗ ಬಿದ್ದಿದ್ದು. ಮ್ಯಾಗ್ನೆಟ್ ಅದನ್ನ ಬಿಡೋದೇ ಇಲ್ಲ, ಊದಿದ್ರೂ ಬರಲ್ಲ. ಮಾಸ್ಕಿಂಗ್ ಟೇಪ್‌ನ ಅಂಟು ಹೊರಗೆ ಬರೋ ಹಾಗೆ ಮಡಚಿ ಒಂದು ತೆಳು ಕಾರ್ಡ್‌ಗೆ ಸುತ್ತಿ ಗ್ಯಾಪ್ ಸುತ್ತಾ ಆಡಿಸಿ, ಟೇಪ್ ಕ್ಲೀನ್ ಆಗಿ ಹೊರಗೆ ಬರೋವರೆಗೂ ಮಾಡ್ತಾನೇ ಇರಿ. ಡಯಾಫ್ರಮ್ ಕೂರಿಸಿದ ಮೇಲೆ ಸ್ಕ್ರೂಗಳನ್ನ ಪೂರ್ತಿ ಬಿಗಿ ಮಾಡಬೇಡಿ, ಫೋನಿಂದ ಸೈನ್ ಟೋನ್ (ಒಂದೇ ಫ್ರೀಕ್ವೆನ್ಸಿಯ ಶುದ್ಧ ಸ್ವರ) ತುಂಬಾ ಕಮ್ಮಿ ವಾಲ್ಯೂಮ್‌ನಲ್ಲಿ ಕೊಟ್ಟು, ಆ ಡ್ರೈವರ್‌ನ ಕ್ರಾಸ್‌ಓವರ್ ಫ್ರೀಕ್ವೆನ್ಸಿಯಿಂದ (ಕೆಳಗಿನ ಸ್ಪೀಕರ್ ಬಿಟ್ಟು ಹಾರ್ನ್ ಶುರುವಾಗೋ ಜಾಗ) ನಿಧಾನ ಮೇಲಕ್ಕೆ ತಗೊಂಡ್ ಹೋಗ್ತಾ ಕಿವಿ ಇಟ್ಟು ಕೇಳಿ. ಎಲ್ಲಾದ್ರೂ ಗರಗರ ಬಂದ್ರೆ ಡಯಾಫ್ರಮ್ ಕೂತಿರೋ ರಿಂಗ್‌ನ ಒಂಚೂರು ಸರಿಸಿ, ಮತ್ತೆ ಕೇಳಿ, ಸದ್ದು ಶುದ್ಧ ಆದಾಗ ಎದುರುಬದುರು ಸ್ಕ್ರೂ ಸ್ವಲ್ಪ ಸ್ವಲ್ಪನೇ ಬಿಗಿ ಮಾಡಿ. ನಿಮ್ಮ ಎರಡು ಬಾಕ್ಸ್‌ಗೂ ಮೊದಲು ಇದನ್ನ ಮಾಡಿ ನೋಡಿ. ಇಷ್ಟಾದ ಮೇಲೂ ಚರ್ ಅನ್ನೋದು ಹೋಗಲಿಲ್ಲ ಅಂದ್ರೆ ಮಾತ್ರ ಒರಿಜಿನಲ್ ತಗೊಳ್ಳಿ, ಜೋಡಿಯಾಗಿ ತಗೊಳ್ಳಿ, ಒಂದು ಒರಿಜಿನಲ್ ಒಂದು ನಕಲಿ ಇಟ್ರೆ ಎಡಬಲ ಯಾವತ್ತೂ ಸೇರಲ್ಲ.

ಪ್ರಶ್ನೆ: ಅಲ್ಯೂಮಿನಿಯಂ, ಟೈಟಾನಿಯಂ, ಪ್ಲಾಸ್ಟಿಕ್, ಬೆರಿಲಿಯಂ, ಇದರಲ್ಲಿ ಯಾವುದು ಬೆಸ್ಟ್? ಟೈಟಾನಿಯಂ ಗಟ್ಟಿ ಇರೋದ್ರಿಂದ ಹೈ ಚೆನ್ನಾಗಿ ಬರುತ್ತೆ ಅಂತ ಅಂಗಡಿಯಲ್ಲಿ ಹೇಳ್ತಾರೆ, ನಿಜವಾ? (ಒಬ್ಬ ಓದುಗರು, ಮೈಸೂರು)

ಉತ್ತರ: ಅರ್ಧ ನಿಜ. ಗಟ್ಟಿತನ ಒಂದೇ ನೋಡಿದ್ರೆ ಆಗಲ್ಲ, ಗಟ್ಟಿತನವನ್ನ ತೂಕದಿಂದ ಭಾಗಿಸಿ ನೋಡಬೇಕು. ಅಲ್ಯೂಮಿನಿಯಂ ಗಟ್ಟಿತನ ಸುಮಾರು 70 ಗಿಗಾಪಾಸ್ಕಲ್, ಸಾಂದ್ರತೆ ಘನ ಸೆಂಟಿಮೀಟರ್‌ಗೆ 2.7 ಗ್ರಾಂ. ಟೈಟಾನಿಯಂ ಸುಮಾರು 115, ಸಾಂದ್ರತೆ 4.5. ಭಾಗಿಸಿ ನೋಡಿ, ಎರಡೂ ಹೆಚ್ಚುಕಮ್ಮಿ 26ರ ಹತ್ತಿರ ಬಂದು ನಿಲ್ಲುತ್ತೆ. ಮೆಗ್ನೀಸಿಯಂ 45 ಮತ್ತೆ 1.74, ಅದೂ ಅಲ್ಲಿಗೇ. ಅಂದ್ರೆ ಶಬ್ದ ಈ ಮೂರು ಲೋಹದೊಳಗೂ ಸೆಕೆಂಡಿಗೆ ಸುಮಾರು 5000 ಮೀಟರ್ ವೇಗದಲ್ಲೇ ಓಡುತ್ತೆ. ಇನ್ನೊಂದು ವಿಷಯ, ತೂಕ ಒಂದೇ ಇಟ್ಕೊಂಡ್ರೆ ಅಲ್ಯೂಮಿನಿಯಂ ಹಾಳೆನ ಹೆಚ್ಚು ದಪ್ಪ ಮಾಡ್ಬೋದು, ದಪ್ಪ ಜಾಸ್ತಿ ಆದ್ರೆ ಬಾಗೋದು ತುಂಬಾನೇ ಕಮ್ಮಿ ಆಗುತ್ತೆ, ಹಾಗಾಗಿ ಹೈ ವಿಷಯದಲ್ಲಿ ಅಲ್ಯೂಮಿನಿಯಂ ಸೋತಿದ್ದೇ ಇಲ್ಲ. 1926ರ ವೆಸ್ಟರ್ನ್ ಎಲೆಕ್ಟ್ರಿಕ್ 555, ಅಂದ್ರೆ ಟಾಕಿ ಸಿನಿಮಾ ಶುರುವಾದಾಗ ಥಿಯೇಟರ್‌ಗಳಲ್ಲಿ ಕೂತಿದ್ದ ಡ್ರೈವರ್, ವೆಂಟೆ ಮತ್ತೆ ಥುರಾಸ್ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದ್ದು, ಅದರ ಡಯಾಫ್ರಮ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಕಾಯಿಲ್ ಕೂಡ ಅಲ್ಯೂಮಿನಿಯಂ ಪಟ್ಟಿನೇ.

ಮತ್ತೆ ಟೈಟಾನಿಯಂ ಯಾಕೆ ಬಂತು? ಬಾಳಿಕೆಗೆ. ಅಲ್ಯೂಮಿನಿಯಂ ತಂತಿನ ಕೈಯಲ್ಲಿ ಮತ್ತೆ ಮತ್ತೆ ಬಗ್ಗಿಸಿ ನೋಡಿ, ತುಂಡಾಗುತ್ತೆ. ಸರೌಂಡ್‌ನಲ್ಲಿ ಆಗೋದೂ ಅದೇ, ಸೆಕೆಂಡಿಗೆ ಸಾವಿರಾರು ಸಲ ಬಾಗಿ ಬಾಗಿ ಒಂದಿನ ಕೂದಲೆಳೆ ಬಿರುಕು ಬಿಡುತ್ತೆ. ಟೈಟಾನಿಯಂ ಆ ದಣಿವನ್ನ ಎಷ್ಟೋ ಚೆನ್ನಾಗಿ ತಡ್ಕೊಳ್ಳುತ್ತೆ. ರಾಕ್ ಷೋ, ಟೂರಿಂಗ್ ಅಂತ ಪವರ್ ಏರ್ತಾ ಹೋದಾಗ 1980ರ ದಶಕದ ಆರಂಭದಲ್ಲಿ ಸ್ಪೀಕರ್ ಕಂಪನಿ ಜೆಬಿಎಲ್ ಟೈಟಾನಿಯಂಗೆ ಬಂತು, ಉಳಿದೋರೂ ಬಂದ್ರು. ದೊಡ್ಡ ಗುಮ್ಮಟ ಆದ್ರೆ ಟೈಟಾನಿಯಂ ಕೇಳಿಸೋ ಫ್ರೀಕ್ವೆನ್ಸಿ ಒಳಗೇ ತುಂಡುತುಂಡಾಗಿ ಅಲುಗಾಡೋಕೆ ಶುರು ಮಾಡುತ್ತೆ. ಮಧ್ಯಭಾಗ ಒಂದು ಕಡೆ, ಅಂಚು ಇನ್ನೊಂದು ಕಡೆ. ಇದಕ್ಕೆ ಬ್ರೇಕಪ್ ಅಂತಾರೆ. ನಾವು ಕೇಳೋ ಆ ಸ್ಟೀಲ್ ತಟ್ಟೆ ಗುಣ ಇಲ್ಲಿಂದ ಬರೋದು, ಯಾಕಂದ್ರೆ ಲೋಹ ಗಂಟೆ ತರ, ಹೊಡೆದ ಮೇಲೂ ಗುಂಯ್ ಅಂತಾನೇ ಇರುತ್ತೆ.

ಬೆರಿಲಿಯಂ ಈ ಲೆಕ್ಕದಲ್ಲಿ ಬೇರೆ ಜಾತಿನೇ. ಗಟ್ಟಿತನ 300ರ ಹತ್ತಿರ, ಸಾಂದ್ರತೆ ಬರೀ 1.85, ಶಬ್ದದ ವೇಗ ಸೆಕೆಂಡಿಗೆ 12,500 ಮೀಟರ್ ಮೀರುತ್ತೆ. ಅಂದ್ರೆ ಅದೇ ಆಕಾರದ ಗುಮ್ಮಟದ ಬ್ರೇಕಪ್ ಸುಮಾರು ಎರಡೂವರೆ ಪಟ್ಟು ಮೇಲಕ್ಕೆ ಹೋಗುತ್ತೆ. ಪಯೋನಿಯರ್‌ನವರ ಟಿಎಡಿ 1970ರ ದಶಕದ ಕೊನೆಗೇ ನಾಲ್ಕು ಇಂಚಿನ ಬೆರಿಲಿಯಂ ಡ್ರೈವರ್ ಮಾಡಿ ಸ್ಟುಡಿಯೋಗಳಿಗೆ ಕೊಟ್ರು, ಅದನ್ನ ಕೇಳಿದೋರು ಯಾಕೆ ಮರೆಯಲ್ಲ ಅಂದ್ರೆ ಇದೇ ಕಾರಣ. ಬೆಲೆ ಮಾತ್ರ ಕೇಳಬೇಡಿ.

ಪ್ಲಾಸ್ಟಿಕ್ ಅಂತ ಮೂಗು ಮುರಿಯೋರಿಗೆ ಒಂದು ಮಾತು. ಪಾಲಿಯೆಸ್ಟರ್, ಪಾಲಿಇಮೈಡ್, ಪೀಕ್ ಇವೆಲ್ಲ ಲೋಹದ ಮುಂದೆ ಮೆತ್ತಗೆ, ಗಟ್ಟಿತನ ಮೂರು ನಾಲ್ಕು ಗಿಗಾಪಾಸ್ಕಲ್ ಅಷ್ಟೇ. ಬ್ರೇಕಪ್ ಬೇಗ ಬರುತ್ತೆ, ಆದ್ರೆ ಬಂದ ಅಲುಗಾಟನ ಅದು ತಾನೇ ಹೀರ್ಕೊಂಡು ಬಿಡುತ್ತೆ, ಗುಂಯ್ ಅಂತ ಉಳಿಯಲ್ಲ. ಗುಮ್ಮಟದ ಬದಲು ತೆಳು ಬಳೆ ತರ ರಿಂಗ್ ಆಕಾರ ಮಾಡಿದ್ರೆ ಬ್ರೇಕಪ್ ಕೂಡ ಮೇಲಕ್ಕೆ ಹೋಗುತ್ತೆ. ಜರ್ಮನಿಯ ಬಿಎಂಎಸ್ ಇದನ್ನೇ ಮಾಡಿಕೊಂಡು ಬಂದಿದೆ, ಜೆಬಿಎಲ್ 2013ರಲ್ಲಿ ತಂದ ಎಂ2 ಸ್ಟುಡಿಯೋ ಮಾನಿಟರ್ ಒಳಗೆ ಇರೋದೂ ಎರಡು ಪಾಲಿಮರ್ ರಿಂಗ್ ಡಯಾಫ್ರಮ್ ಇರೋ ಡ್ರೈವರ್. ದುಬಾರಿ ಸ್ಟುಡಿಯೋಗೇ ಪ್ಲಾಸ್ಟಿಕ್ ಸಾಕು ಅಂದ್ಮೇಲೆ ನಾವು ಹೆಸರು ನೋಡಿ ಯಾಕೆ ಓಡಬೇಕು. ನನ್ನ ಅಭಿಪ್ರಾಯ ಕೇಳಿದ್ರೆ, ಒಂದು ಇಂಚಿನ ಚಿಕ್ಕ ಡ್ರೈವರ್‌ಗೆ ಒಳ್ಳೆ ಪಾಲಿಮರ್, ಬಯಲಲ್ಲಿ ದಿನಾ ದುಡಿಯೋ ದೊಡ್ಡ ಡ್ರೈವರ್‌ಗೆ ಟೈಟಾನಿಯಂ, ಕೋಣೆಯಲ್ಲಿ ಕೂತು ಕೇಳೋರಿಗೆ ದುಡ್ಡಿದ್ರೆ ಬೆರಿಲಿಯಂ, ಇಲ್ಲಾಂದ್ರೆ ಅಲ್ಯೂಮಿನಿಯಂ.

ಪ್ರಶ್ನೆ: ಒಳ್ಳೆ ಕಂಪನಿ ಡ್ರೈವರ್, ಒರಿಜಿನಲ್ ಡಯಾಫ್ರಮ್, ಆಂಪ್ ಕ್ಲಿಪ್ ಆಗ್ತಿಲ್ಲ (ಮಿತಿ ಮೀರಿ ಅಲೆ ಕತ್ತರಿಸ್ತಿಲ್ಲ). ಆದ್ರೂ ವಾಲ್ಯೂಮ್ ಏರಿಸಿದ್ರೆ ನಾಗಸ್ವರ ಡೋಲು ಒಟ್ಟಿಗೆ ಬಂದಾಗ ಎಲ್ಲ ಕಲಸಿ ಹೋಗುತ್ತೆ, ಕಿವಿ ನೋಯುತ್ತೆ. ಡಯಾಫ್ರಮ್ ಬದಲಾಯಿಸಿದ್ರೆ ಸರಿ ಹೋಗುತ್ತಾ? (ತುಮಕೂರು)

ಉತ್ತರ: ಹೋಗಲ್ಲ, ಯಾಕಂದ್ರೆ ಇಲ್ಲಿ ಒಡೀತಿರೋದು ಡಯಾಫ್ರಮ್ ಅಲ್ಲ, ಗಾಳಿ. ಇದನ್ನ ಹೇಳಿದ್ರೆ ತುಂಬಾ ಜನ ನಂಬಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಸೈಕಲ್ ಪಂಪ್ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ. ಮೊದಲು ಹಗುರ, ಆಮೇಲೆ ಒತ್ತಿದಷ್ಟೂ ಬಿಗಿ. ಅದೇ ಹಿಡಿನ ಅಷ್ಟೇ ದೂರ ಹಿಂದಕ್ಕೆ ಎಳೆದ್ರೆ ಅಷ್ಟು ಬಿಗಿ ಇರಲ್ಲ. ಗಾಳಿಯ ಸ್ವಭಾವನೇ ಅದು, ಒತ್ತೋದಕ್ಕೂ ಎಳೆಯೋದಕ್ಕೂ ಸಮ ಅಲ್ಲ. ಸಾಧಾರಣ ಸದ್ದಿಗೆ ಈ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಆದ್ರೆ ಹಾರ್ನ್ ಗಂಟಲಲ್ಲಿ, ಒಂದು ಇಂಚಿನ ತೂತಲ್ಲಿ ಪೂರ್ತಿ ಜಾತ್ರೆಗೆ ಕೇಳಿಸಬೇಕಾದ ಸದ್ದು ತೂರಿ ಬರುತ್ತಲ್ಲ, ಅಲ್ಲಿ ಒತ್ತಡ ವಿಪರೀತ. ಅದರ ಮೇಲೆ ಅಲೆಯ ಒತ್ತಿದ ಭಾಗ ಬಿಸಿಯಾಗಿ ಸ್ವಲ್ಪ ಬೇಗ ಓಡುತ್ತೆ, ತೆಳುವಾದ ಭಾಗ ಹಿಂದೆ ಉಳಿಯುತ್ತೆ, ಹೋಗ್ತಾ ಹೋಗ್ತಾ ಅಲೆ ಮುಂದಕ್ಕೆ ವಾಲಿ ಗರಗಸದ ಹಲ್ಲಿನ ತರ ಆಗುತ್ತೆ. ಇದನ್ನ 1935ರಲ್ಲೇ ಥುರಾಸ್, ಜೆಂಕಿನ್ಸ್, ಓನೀಲ್ ಅಂತ ಮೂರು ಜನ ಅಳೆದು ಬರೆದಿಟ್ಟಿದಾರೆ.

ಆ ಲೆಕ್ಕ ಹಿಡಿದು ಒಂದು ಉದಾಹರಣೆ ಮಾಡಿ ನೋಡೋಣ. ಎಕ್ಸ್‌ಪೊನೆನ್ಷಿಯಲ್ ಹಾರ್ನ್, ಕಟಾಫ್ (ಹಾರ್ನ್ ಕೆಲಸ ಮಾಡೋ ಕೆಳಮಿತಿ) 800 ಹರ್ಟ್ಸ್, ಗಂಟಲು ಒಂದು ಇಂಚು, ಅದರಿಂದ ಒಂದು ಅಕೌಸ್ಟಿಕ್ ವಾಟ್ (ಕರೆಂಟಿನದಲ್ಲ, ಸದ್ದಿನ ಪವರ್) ಹೊರಗೆ ಬರ್ತಿದೆ ಅನ್ಕೊಳ್ಳಿ, ಅಂದ್ರೆ ಒಂದು ಮೀಟರ್ ದೂರದಲ್ಲಿ 115 ಡಿಬಿ ದಾಟೋ ಸದ್ದು. ಆಗ 8 ಕಿಲೋಹರ್ಟ್ಸ್‌ನಲ್ಲಿ ಸೆಕೆಂಡ್ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡರಷ್ಟರಲ್ಲಿ ಹುಟ್ಟೋ ಬೇಡದ ಸದ್ದು) ಸುಮಾರು ಶೇಕಡ 7.7 ಬರುತ್ತೆ. ಡಯಾಫ್ರಮ್ ದೇವಲೋಕದ್ದೇ ಆಗಿದ್ರೂ ಇಷ್ಟು ಇದ್ದೇ ಇರುತ್ತೆ. ಗಂಟಲು ಎರಡು ಇಂಚು ಮಾಡಿದ್ರೆ ಶೇಕಡ 3.8ಕ್ಕೆ ಇಳಿಯುತ್ತೆ. ಗಂಟಲು ಒಂದೇ ಇಂಚು ಇಟ್ಟು ಸದ್ದು 10 ಡಿಬಿ ಕಮ್ಮಿ ಮಾಡಿದ್ರೆ ಶೇಕಡ 2.4. ಫ್ರೀಕ್ವೆನ್ಸಿ ಎರಡರಷ್ಟಾದ್ರೆ ಇದೂ ಎರಡರಷ್ಟು. ನಿಧಾನವಾಗಿ ಅಗಲ ಆಗೋ ಉದ್ದ ಹಾರ್ನ್‌ನಲ್ಲಿ ಜಾಸ್ತಿ, ಬೇಗ ಬಾಯಿ ತೆರೆಯೋ ಹಾರ್ನ್‌ನಲ್ಲಿ ಕಮ್ಮಿ.

ಹಾರ್ಮೋನಿಕ್ ಒಂದೇ ಆಗಿದ್ರೆ ಕಿವಿ ಸಹಿಸಿಕೊಳ್ಳುತ್ತೆ. 8 ಕಿಲೋಹರ್ಟ್ಸ್‌ದು ಎರಡರಷ್ಟು ಅಂದ್ರೆ 16, ನನ್ನ ವಯಸ್ಸಿನೋರಿಗೆ ಅದು ಕೇಳ್ಸೋದೇ ಇಲ್ಲ. ತೊಂದರೆ ಕೊಡೋದು ಎರಡು ಸ್ವರ ಒಟ್ಟಿಗೆ ಬಂದಾಗ. 2000 ಮತ್ತೆ 2700 ಹರ್ಟ್ಸ್ ಒಟ್ಟಿಗೆ ಹೋದ್ರೆ ಗಾಳಿ ತನ್ನ ಕಡೆಯಿಂದ 700 ಮತ್ತೆ 4700 ಸೇರಿಸುತ್ತೆ, ಅದಕ್ಕೂ ರಾಗಕ್ಕೂ ಸಂಬಂಧನೇ ಇಲ್ಲ. ನಾಗಸ್ವರದಲ್ಲಿ ಮೊದಲೇ ಹಾರ್ಮೋನಿಕ್‌ಗಳು ದಟ್ಟ, ಅದಕ್ಕೆ ಡೋಲಿನ ಪೆಟ್ಟು ಸೇರಿದ್ರೆ ನೀವು ಹೇಳೋ ಕಲಸುಮೇಲೋಗರ ಆಗದೆ ಇನ್ನೇನಾಗುತ್ತೆ. ಪರಿಹಾರ ಅಂದ್ರೆ ಒಂದೇ ಜೋಡಿಗೆ ಪೂರ್ತಿ ಬಯಲನ್ನ ಹೊರಿಸಬೇಡಿ, ಮಧ್ಯದಲ್ಲಿ ಇನ್ನೊಂದು ಜೋಡಿ ಡಿಲೇ ಹಾಕಿ (ಮುಂದಿನ ಬಾಕ್ಸ್‌ನ ಸದ್ದು ಅಲ್ಲಿಗೆ ತಲುಪೋವಷ್ಟು ತಡ ಮಾಡಿ) ಇಡಿ, ಎಲ್ಲದರ ವಾಲ್ಯೂಮ್ ಇಳಿಸಿ. ಮುಂದಿನ ಸಾಲಲ್ಲಿ ಕೂತಿರೋ ಮಕ್ಕಳ ಕಿವಿಗೂ ಒಳ್ಳೇದು, ಇದನ್ನ ನಾನು ಮನಸ್ಸಿಟ್ಟು ಹೇಳ್ತಿದೀನಿ.

ಪ್ರಶ್ನೆ: ಕುಂದಾಪುರ ಕಡೆ ಬಯಲಾಟಕ್ಕೆ ಸೌಂಡ್ ಹಾಕ್ತೀವಿ. ಪ್ರತಿ ತಿರುಗಾಟದಲ್ಲೂ ಎರಡು ಮೂರು ಡಯಾಫ್ರಮ್ ಹೋಗುತ್ತೆ. ಚೆಂಡೆ ಏರಿದಾಗಲೇ ಹೋಗೋದು. ಕ್ರಾಸ್‌ಓವರ್ 800ಕ್ಕೆ ಇಟ್ಟಿದೀವಿ, ಭಾಗವತರ ದನಿ ಹಾರ್ನಲ್ಲಿ ಬಂದ್ರೆ ಚೆನ್ನಾಗಿರುತ್ತೆ ಅಂತ. ಟ್ರೆಬಲ್ ಸ್ವಲ್ಪ ಜಾಸ್ತಿ ಇದೆ.

ಉತ್ತರ: ಭಾಗವತರ ದನಿ ಬಗ್ಗೆ ನಿಮ್ಮ ಆಸೆ ಸರಿ, ಆದ್ರೆ ಡ್ರೈವರ್‌ಗೆ ಅದು ಭಾರ. ಹಾರ್ನ್ ಗಾಳಿಯನ್ನ ಹಿಡಿದಿರೋ ರೇಂಜ್‌ನಲ್ಲೇ ಫ್ರೀಕ್ವೆನ್ಸಿ ಅರ್ಧಕ್ಕೆ ಇಳಿದ್ರೆ ಅದೇ ಸದ್ದಿಗೆ ಡಯಾಫ್ರಮ್ ಎರಡರಷ್ಟು ದೂರ ಆಡಬೇಕು. ಹಾರ್ನ್ ಕಟಾಫ್‌ಗಿಂತ ಕೆಳಗೆ ಹೋದ್ರೆ ಗಾಳಿಯ ಹಿಡಿತನೇ ಇಲ್ಲ, ಡಯಾಫ್ರಮ್ ಬರಿದೇ ಕುಣಿಯುತ್ತೆ. ಫೇಸ್ ಪ್ಲಗ್ ಎಷ್ಟು ಹತ್ತಿರ ಇದೆ ಅಂತ ಮೇಲೆ ಹೇಳಿದೀನಿ, ಚೆಂಡೆ ಪೆಟ್ಟಿಗೆ ಗುಮ್ಮಟ ಹೋಗಿ ಅದಕ್ಕೇ ಬಡಿಯುತ್ತೆ, ಸರೌಂಡ್ ಸೀಳುತ್ತೆ. ಬಡಿಯೋದಕ್ಕೂ ಮೊದಲೇ ಆ ಸಣ್ಣ ಜಾಗದ ಗಾಳಿ ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಆಗಿ, ಸರೌಂಡ್ ತನ್ನ ಮಿತಿ ಮುಟ್ಟಿ, ಸದ್ದು ಒಡೆಯೋಕೆ ಶುರುವಾಗಿರುತ್ತೆ. ಹೋದ ಡಯಾಫ್ರಮ್‌ನ ಎಸೀಬೇಡಿ, ಟಾರ್ಚ್ ಹಿಂದೆ ಹಿಡಿದು ಕತ್ತಲಲ್ಲಿ ನೋಡಿ. ಸರೌಂಡ್ ಅಂಚಲ್ಲಿ ಬೆಳಕಿನ ಗೆರೆ ಕಂಡ್ರೆ ಅತಿಯಾಗಿ ಆಡಿ ಸೀಳಿದೆ ಅಂತ, ಕಾಯಿಲ್ ಕಪ್ಪಾಗಿ ಅಂಟು ಗುಳ್ಳೆ ಎದ್ದಿದ್ರೆ ಬಿಸಿಗೆ ಸುಟ್ಟಿದೆ ಅಂತ. ಎರಡಕ್ಕೂ ಮದ್ದು ಬೇರೆ.

ಸೀಳಿದ್ರೆ ಕ್ರಾಸ್‌ಓವರ್ ಮೇಲಕ್ಕೆ ತಗೊಳ್ಳಿ. ಚಿಕ್ಕ ಕಾಯಿಲ್ ಡ್ರೈವರ್ ಆದ್ರೆ 1600 ಹತ್ತಿರ, ಸ್ಲೋಪ್ ಆಕ್ಟೇವ್‌ಗೆ 24 ಡಿಬಿ, ಅಂದ್ರೆ ಅದರ ಕೆಳಗೆ ಫ್ರೀಕ್ವೆನ್ಸಿ ಅರ್ಧ ಆದಾಗೆಲ್ಲ ಸದ್ದು ಅಷ್ಟು ಇಳೀಬೇಕು. ಕಂಪನಿ ಹೇಳಿರೋ ಕನಿಷ್ಠಕ್ಕಿಂತ ಕೆಳಗೆ ಮಾತ್ರ ಯಾವ ಕಾರಣಕ್ಕೂ ಬೇಡ. ಭಾಗವತರ ದನಿ ಕೆಳಗಿನ ಸ್ಪೀಕರ್‌ನಲ್ಲಿ ಬರಲಿ, ಒಳ್ಳೆ ಮಿಡ್ ಇದ್ರೆ ಚೆನ್ನಾಗೇ ಬರುತ್ತೆ. ಆಕ್ಟಿವ್ ಕ್ರಾಸ್‌ಓವರ್‌ನಲ್ಲಿ (ಆಂಪ್‌ಗೂ ಮೊದಲೇ ಫ್ರೀಕ್ವೆನ್ಸಿ ಹಂಚೋದು) ಆಂಪ್ ನೇರ ಡ್ರೈವರ್‌ಗೆ ಹೋಗೋದ್ರಿಂದ ಸರಣಿಯಲ್ಲಿ ಒಂದು ನಾನ್-ಪೋಲಾರ್ ಕೆಪಾಸಿಟರ್ ಹಾಕಿ, 8 ಓಮ್‌ಗೆ 25 ಮೈಕ್ರೋಫ್ಯಾರಡ್ ಅಂದ್ರೆ ಲೆಕ್ಕಕ್ಕೆ 800 ಹರ್ಟ್ಸ್ ಬರುತ್ತೆ. ಜನರೇಟರ್ ಆನ್ ಆಫ್ ಆಗೋವಾಗ ಬರೋ ಧಡ್ ಅನ್ನೋ ಪೆಟ್ಟನ್ನ ಅದು ತಡೆಯುತ್ತೆ, ಅದೊಂದಕ್ಕೇ ಎಷ್ಟೋ ಡಯಾಫ್ರಮ್ ಉಳಿಯುತ್ತೆ.

ಸುಟ್ಟಿದ್ರೆ ತಪ್ಪು ನಿಮ್ಮ ಟ್ರೆಬಲ್‌ದು. ಯಾವ ಡ್ರೈವರ್ ಆದ್ರೂ ಸುಮಾರು 3-4 ಕಿಲೋಹರ್ಟ್ಸ್ ಆದ್ಮೇಲೆ ಕಾಯಿಲ್ ಮತ್ತೆ ಡಯಾಫ್ರಮ್ ತೂಕದಿಂದಾಗಿ ಆಕ್ಟೇವ್‌ಗೆ 6 ಡಿಬಿ ಇಳೀತಾ ಹೋಗುತ್ತೆ. ಅದನ್ನ ಈಕ್ವಲೈಸರ್‌ನಲ್ಲಿ ಎತ್ತಿ ಸರಿ ಮಾಡಿದ್ರೆ 16 ಕಿಲೋಹರ್ಟ್ಸ್‌ಗೆ 12 ಡಿಬಿ ಬೇಕು, ಅಂದ್ರೆ ಪವರ್ ಹದಿನಾರು ಪಟ್ಟು. ರಾತ್ರಿ ಬಯಲಲ್ಲಿ ದೂರ ಕೂತೋರಿಗೆ ಅದು ಗಾಳಿಯಲ್ಲೇ ಕರಗಿ ಹೋಗಿರುತ್ತೆ, ಕೇಳ್ಸೋದೂ ಇಲ್ಲ. 10 ಕಿಲೋಹರ್ಟ್ಸ್ ಮೇಲೆ ಎತ್ತೋದು ಬಿಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಜಪಾನ್ ಡ್ರೈವರ್ ತಗೊಂಡೆ, ಬೆರಿಲಿಯಂ. ಬಿಚ್ಚಿ ನೋಡೋವಾಗ ಸ್ಕ್ರೂಡ್ರೈವರ್ ಜಾರಿ ಗುಮ್ಮಟ ಒಡೆದು ಚೂರಾಯ್ತು. ಅಂಟಿಸಬಹುದಾ? (ಬೆಂಗಳೂರು)

ಉತ್ತರ: ಅಂಟಿಸೋ ಮಾತು ಬಿಡಿ, ಮೊದಲು ಅದನ್ನ ಮುಟ್ಟಬೇಡಿ. ಬೆರಿಲಿಯಂ ಇಡಿಯಾಗಿದ್ದಾಗ ಏನೂ ಮಾಡಲ್ಲ, ಆದ್ರೆ ಅದರ ಪುಡಿ ಉಸಿರಲ್ಲಿ ಒಳಗೆ ಹೋದ್ರೆ ಶ್ವಾಸಕೋಶಕ್ಕೆ ವಾಸಿಯಾಗದ ಕಾಯಿಲೆ ಬರೋ ಅಪಾಯ ಇದೆ. ಪೊರಕೆ ಹಾಕಬೇಡಿ, ಊದಬೇಡಿ, ಮನೆ ವ್ಯಾಕ್ಯೂಮ್ ಬೇಡ, ಫ್ಯಾನ್ ಆಫ್ ಮಾಡಿ, ಮಕ್ಕಳನ್ನ ಆ ಕೋಣೆಗೆ ಬಿಡಬೇಡಿ. ಮಾಸ್ಕ್ ಗ್ಲೌಸ್ ಹಾಕ್ಕೊಂಡು ಒದ್ದೆ ಟಿಶ್ಯೂನಲ್ಲಿ ಚೂರುಗಳನ್ನ ಒತ್ತಿ ತೆಗೆದು, ಟಿಶ್ಯೂ ಗ್ಲೌಸ್ ಎಲ್ಲ ಎರಡು ಜಿಪ್ ಕವರ್‌ನಲ್ಲಿ ಸೀಲ್ ಮಾಡಿ. ಡ್ರೈವರ್ ಒಳಗೂ ಚೂರಿರುತ್ತೆ, ಅದರ ಬಾಯಿ ಮುಚ್ಚಿ ಟೇಪ್ ಸುತ್ತಿಡಿ. ಕಸದ ಗಾಡಿಗೆ ಹಾಕಬೇಡಿ, ಅಪಾಯಕಾರಿ ತ್ಯಾಜ್ಯ ತಗೊಳ್ಳೋರಿಗೇ ಕೊಡಬೇಕು. ಹೊಸ ಡಯಾಫ್ರಮ್ ಕೂರಿಸೋದು ಆಮೇಲಿನ ಮಾತು, ಅದನ್ನೂ ಅನುಭವ ಇರೋರ ಕೈಲೇ ಮಾಡಿಸಿ.

ಪ್ರಶ್ನೆ: ನಮ್ಮ ತಂದೆ ಕಾಲದ ಕಹಳೆ ಹಾರ್ನ್ ಎರಡು ಇದೆ, ಮಾತು ತುಂಬಾ ದೂರ ಕೇಳ್ಸುತ್ತೆ ಆದ್ರೆ ಹಾಡು ಹಾಕಿದ್ರೆ ಹೈ ಇಲ್ಲವೇ ಇಲ್ಲ. ಟೈಟಾನಿಯಂ ಡಯಾಫ್ರಮ್ ಹಾಕಿದ್ರೆ ಹೈ ಬರುತ್ತಾ? (ಗದಗ)

ಉತ್ತರ: ಬೇಡ. ಅದರೊಳಗೆ ಇರೋದು ಫಿನಾಲಿಕ್ ರಾಳದಲ್ಲಿ ಅದ್ದಿ ಒತ್ತಿದ ಬಟ್ಟೆಯ ಡಯಾಫ್ರಮ್, ಬೆಳಕಿಗೆ ಹಿಡಿದ್ರೆ ನೇಯ್ಗೆ ಎಳೆ ಕಾಣುತ್ತೆ ನೋಡಿ. ತೂಕ ಜಾಸ್ತಿ, ಹಾಗಾಗಿ 6 ಕಿಲೋಹರ್ಟ್ಸ್ ಆಸುಪಾಸಲ್ಲಿ ಸದ್ದು ಬಿದ್ದು ಹೋಗುತ್ತೆ, ಮತ್ತೆ ಹಾರ್ನ್ ಒಳಗೆ ದಾರಿ ಮಡಚಿರೋದ್ರಿಂದ ಉಳಿದ ಹೈ ಆ ತಿರುವಲ್ಲೇ ನಿಲ್ಲುತ್ತೆ. ಟೈಟಾನಿಯಂ ಹಾಕಿದ್ರೂ ಆ ತಿರುವು ಹಾಗೇ ಇರುತ್ತಲ್ಲ. ಅದನ್ನ ಮಾಡಿರೋದು ಮಾತಿಗೆ, ಕೆಳಗೆ 300 ಹರ್ಟ್ಸ್ ಹತ್ತಿರದಿಂದ ಹಿಡಿದು ಮಾತಿಗೆ ಬೇಕಾದ್ದಷ್ಟನ್ನ ಕೊಡುತ್ತೆ, ಬಿಸಿಲು ಧೂಳು ಎರಡನ್ನೂ ತಡ್ಕೊಂಡು ವರ್ಷಾನುಗಟ್ಟಲೆ ಬಾಳುತ್ತೆ. ಟರ್ಮಿನಲ್ ತುಕ್ಕು ಉಜ್ಜಿ, ರಬ್ಬರ್ ವಾಷರ್ ಹೊಸದು ಹಾಕಿ, ಊರಲ್ಲಿ ಅನೌನ್ಸ್‌ಮೆಂಟ್‌ಗೆ ಇಟ್ಕೊಳ್ಳಿ. ಹಾಡಿಗೆ ಬೇರೆ ಬಾಕ್ಸ್ ತಗೊಳ್ಳಿ.